ಉಸಿರಿನ ಕಿಂಡಿ

ಲೆಮ್‌ಸ್ಟರಿನ ಹಿಂದುಬೀದಿಯಲ್ಲಿ ನನ್ನ ಗ್ಯಾರೇಜು.
ಮೊದಲು ಪಂಫ್ರಿಯದು. ಬೋರ್ಡಿನ ಮೇಲೆ ಈಗಲೂ ಅವನ ಹೆಸರೇ,
ಬದಲಿಸಲು ಏಣಿ ಹತ್ತಬೇಕು, ನನಗೆ ಮಂಡಿನೋವು.

ಡಿಲಿಸ್ ಗಾರ್ಬೆಟ್ ಬಂದದ್ದು ಗೊತ್ತಾಗುತ್ತಿದ್ದುದು
ಕಿವಿಗಲ್ಲ, ಮೂಗಿಗೆ.
ಕಾದ ಗೇರೆಣ್ಣೆಯ ವಾಸನೆ: ಗಂಧಕ, ಕೊಳೆತ ಮೊಟ್ಟೆ, ಸುಟ್ಟ ಉಣ್ಣೆ
ಮೂರನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟು
ವಾರದ ಮೇಲೆ ತೆರೆದ ಹಾಗೆ.
ಐವತ್ತೇಳರ ಟ್ರಯಂಫ್, ತಿಳಿನೀಲಿ, ನೆಲಕ್ಕಂಟಿದ ಸೀಟು.
ಎಪ್ಪತ್ತಾರರ ಹೆಂಗಸು ಅದರಿಂದ ಇಳಿಯುತ್ತಿರಲಿಲ್ಲ,
ಏಳುತ್ತಿದ್ದಳು.
ಸ್ಕಾರ್ಫು ಸರಿಪಡಿಸಿಕೊಂಡು,
"ಪಾದ್ರಿ ಮತ್ತೆ ಚೀಟಿ ಕಳಿಸಿದ್ದಾನೆ."

ಚರ್ಚಿನ ಅಂಗಳದ ಕಲ್ಲುಹಾಸಿನಲ್ಲಿ, ಆಕೆ ಗಾಡಿ ನಿಲ್ಲಿಸುವ ಕಡೆ,
ಭಾನುವಾರಕ್ಕೊಂದರಂತೆ ಕಪ್ಪು ಮಚ್ಚೆ.
ಬೆಕ್ಕಿಗೆಂದು ಮಾರುವ ಮಣ್ಣು ಎರಚಿ ಗುಡಿಸಿದರೂ
ಹೋಗದ ಮಚ್ಚೆ.

ಹಿಂಬದಿಯ ಸೀಲು ಬದಲಿಸಿದೆ. ಆಮೇಲೆ ಗ್ಯಾಸ್ಕೆಟ್ಟಿನ ಜೊತೆ ಇನ್ನೊಂದು.
ಆಮೇಲೆ ಬೇರೆ ಕಂಪನಿಯ ಸೀಲು.
ಒಂದೊಂದು ಸಲಕ್ಕೂ ಸೀಟು ಬಿಚ್ಚಿ, ಕಾರ್ಪೆಟ್ಟು ಎತ್ತಿ,
ಸುರಂಗದ ತಗಡು ಕಳಚಿ,
ಗೇರುಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿ
(ಮಗುವಲ್ಲ, ಹಂದಿ; ಅಷ್ಟು ಭಾರ, ಅಷ್ಟು ಜಿಡ್ಡು)
ಹೊರಕ್ಕೆಳೆಯಬೇಕು.
ಬೆಂಚಿನ ಮೇಲೆ ರಾತ್ರಿಯಿಡೀ ಇಟ್ಟರೆ ಒಂದು ಹನಿಯಿಲ್ಲ, ಸಾಧುಪ್ರಾಣಿ.
ರಸ್ತೆಗಿಳಿದು ಹತ್ತು ಮೈಲಿ ಹೋಯಿತೋ, ಶುರು.

ಮೂರನೆಯ ಸಲ, ಚಹಾ ಆರುತ್ತಿರುವಾಗ, ಪಂಫ್ರಿಯ ಮಾತು ನೆನಪಾಯಿತು:
ಸೋರುವಲ್ಲಿ ಹುಡುಕಬೇಡ ಹುಡುಗಿ,
ಸೋರದೆ ಇರುವಲ್ಲಿ ನೋಡು.

ಮೇಲ್ಮುಚ್ಚಳ. ಯಾರೋ ಬಹಳ ಅಕ್ಕರೆಯಿಂದ ಬೆಳ್ಳಿಬಣ್ಣ ಬಳಿದಿದ್ದರು,
ಬ್ರಷ್ಷಿನ ಒಂದು ಕೂದಲೂ ಅಂಟಿಸದೆ.
ಉಗುರಿನಿಂದ ಸವರುತ್ತ ಹೋದೆ. ಒಂದೆಡೆ
ನುಣುಪು ಸುಳ್ಳು ಹೇಳಿತು.
ಕೆರೆದೆ. ಇರಬೇಕಾದ ಕಿಂಡಿ ಇದ್ದೇ ಇತ್ತು,
ಅದರೊಳಗೆ ಮುರಿದು ತುರುಕಿದ ಬೆಂಕಿಕಡ್ಡಿ.

ಗಾಳಿಗೆ ಇದಕ್ಕಿಂತ ದೊಡ್ಡ ದಾರಿ ಬೇಡ.
ಹಲ್ಲಿಗೆ ಹಲ್ಲು ಸಿಕ್ಕಿ ಎಣ್ಣೆ ಕಾಯುತ್ತದೆ, ಗಾಳಿ ಉಬ್ಬುತ್ತದೆ,
ನುಂಗಲೂ ಆರದೆ ಉಗುಳಲೂ ಆರದೆ
ಹಿಂಬಾಗಿಲಿಗೆ ಹೆಗಲು ಕೊಡುತ್ತದೆ.
ನಾನೋ, ಬಾಗಿಲಿಗೇ ಮೂರು ಸಲ ಬೀಗ ಬದಲಿಸಿದ್ದೆ.

ಚಿಮುಟದ ತುದಿಯಲ್ಲಿ ಹಿಡಿದು ತೋರಿಸಿದೆ.
"ಆಬ್ರಿ," ಅಂದಳು ಆಕೆ. ಅಣ್ಣ.
ಕಾರು ಮೊದಲು ಅವನದು, ಬಣ್ಣವೂ ಅವನದೇ.
ಗೇರುಕೋಲಿನ ಬುಡದಿಂದ ವಾಸನೆ ಬರುತ್ತದೆ,
ಬಿಳಿ ಷರಾಯಿಗೆ ಎಣ್ಣೆಯ ಮಂಜು ಕೂರುತ್ತದೆ ಅನ್ನುತ್ತಿದ್ದನಂತೆ.
"ಊಟದ ಮೇಜಿನಲ್ಲಿ ಕೆಮ್ಮು ಬಂದರೂ
ಎದ್ದು ತೋಟಕ್ಕೆ ಹೋಗುತ್ತಿದ್ದ."
ನಾನು ಏನಾದರೂ ಹೇಳಬೇಕಿತ್ತು.
ಅರ್ಧ ಇಂಚಿನ ಸ್ಪ್ಯಾನರನ್ನು ಒರೆಸಿದೆ, ಆಗಲೇ ಒರೆಸಿದ್ದನ್ನು.
ಆಕೆ ಕಡ್ಡಿಯನ್ನು ಮೂಸಿ ನೋಡಿ
ಕನ್ನಡಕದ ಡಬ್ಬಿಯೊಳಗಿಟ್ಟು ಟಪ್ಪನೆ ಮುಚ್ಚಿದಳು.
ಬಿಲ್ಲಿನಲ್ಲಿ ಸೀಲುಗಳನ್ನು ಬಿಟ್ಟಿದ್ದೆ. ನಿಂತು ಬರೆಸಿದಳು, ಮೂರನ್ನೂ.

ಗೇರುಪೆಟ್ಟಿಗೆ ಈಗ ಒಣಗಿದೆ.
ಎಂಜಿನ್ನಿನ ಹಿಂದೆ ಮಾತ್ರ ಇನ್ನೂ ಜಿನುಗು.
ಅಲ್ಲಿ ಸೀಲೇ ಇಲ್ಲ ಎಂದು ವಿವರಿಸಿದೆ:
ದಂಡದ ಮೇಲೆ ಕೊರೆದ ಸುರುಳಿಯೊಂದಿದೆ, ಅಷ್ಟೆ,
ಹೊರಟ ಎಣ್ಣೆಯನ್ನು ತಿರುಪಿ ತಿರುಪಿ ಮನೆಗೆ ಕಳಿಸುತ್ತದೆ,
ಓಡುವಷ್ಟು ಹೊತ್ತು.
ನಿಂತಮೇಲೆ ಒಂದೆರಡು ಹನಿ. ಕಾಯಿಲೆಯಲ್ಲ,
ಕಟ್ಟಿದ್ದೇ ಹಾಗೆ.

"ಪಾದ್ರಿಗೆ ಹೀಗೇ ಹೇಳಲೇ?"
ಹೇಳಿ.
"ನಿಲ್ಲಿಸಿದರೆ ತಾನೇ ತೊಂದರೆ," ಅಂದು
ಕೂತಳು, ಅಂದರೆ ಬಿದ್ದಳು, ಒಳಕ್ಕೆ. ಹೊರಟಳು.

ಬೀದಿಯ ಕೊನೆಯ ತಿರುವಿನಲ್ಲಿ
ಬ್ರೇಕಿನ ದೀಪ ಹೊತ್ತಲಿಲ್ಲ.
ಬಲ್ಬು ಹೋಗಿರಬೇಕು. ಮುಂದಿನ ಸಲ
ಅದನ್ನೂ ನೋಡಬೇಕು.